ಮುಲ್ಕಿ ಸರ್ಟಿಫಿಕೇಟಿನಿಂದ ಒಎಂಆರ್ ಹಾಳೆಯವರೆಗೆ: ನೌಕರಿಗಾಗಿ ನಮ್ಮ ಕಡೆ ಹೇಳಿದ ಸುಳ್ಳುಗಳ ಚರಿತ್ರೆ

ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ಬಸ್ ಸ್ಟ್ಯಾಂಡಿನಿಂದ ತಹಶೀಲ್ ಕಚೇರಿ ಕಡೆ ನಡೆದರೆ ಸಾಲಾಗಿ ಝೆರಾಕ್ಸ್ ಅಂಗಡಿಗಳು ಸಿಗುತ್ತವೆ. ನೇಮಕಾತಿ ಅಧಿಸೂಚನೆ ಬಂದ ವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, 371(ಜೆ), ಅಂಕಪಟ್ಟಿ, ಅನುಭವ ಪತ್ರ. ಒಬ್ಬ ಹುಡುಗ ಏನು ಕಲಿತಿದ್ದಾನೆ, ಏನು ಮಾಡಬಲ್ಲ ಅನ್ನುವುದಕ್ಕಿಂತ ಅವನ ಪ್ಲಾಸ್ಟಿಕ್ ಫೈಲಿನಲ್ಲಿ ಏನೇನಿದೆ ಅನ್ನುವುದೇ ದೊಡ್ಡದಾಗುತ್ತದೆ.

ಕಾಗದಕ್ಕೆ ಇಷ್ಟು ಬೆಲೆ ಬಂದಾಗ ಸುಳ್ಳು ಕಾಗದಕ್ಕೂ ಬೆಲೆ ಬರುತ್ತದೆ. "ಬಯೋಡೇಟಾದಾಗ ಎರಡು ವರ್ಷ ಅನುಭವ ಅಂತ ಹಾಕಿಬಿಡು, ಯಾರು ನೋಡ್ತಾರ?" ಎಂದು ಹೇಳುವ ಅಣ್ಣ ಪ್ರತಿ ಊರಲ್ಲೂ ಇದ್ದಾನೆ. ಅಲ್ಲಿಂದ ಶುರುವಾದದ್ದು ನಕಲಿ ಅಂಕಪಟ್ಟಿಗೆ, ಅಲ್ಲಿಂದ ಕಿವಿಯೊಳಗಿನ ಬ್ಲೂಟೂತ್‌ಗೆ ಹೋಗಿ ನಿಂತದ್ದನ್ನು ನಮ್ಮ ಜಿಲ್ಲೆ ಕಂಡಿದೆ. ಟಿವಿಯವರು ಇದನ್ನು ನಿನ್ನೆ ಮೊನ್ನೆಯ ಕಥೆಯ ಹಾಗೆ ಹೇಳುತ್ತಾರೆ. ಆದರೆ ನಮ್ಮ ಭಾಗದಲ್ಲಿ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಹಿನ್ನೆಲೆ ಇದೆ. ಆ ಹಿನ್ನೆಲೆ ಗೊತ್ತಿದ್ದರೆ ಇವತ್ತು ನಾವು ಎಲ್ಲಿ ನಿಂತಿದ್ದೇವೆ ಅನ್ನುವುದು ಸರಿಯಾಗಿ ಕಾಣುತ್ತದೆ.

ನಿಜಾಮನ ಕಾಲ: ಯಾರು ಮುಲ್ಕಿ, ಯಾರು ಗೈರ್ ಮುಲ್ಕಿ

ನಮ್ಮ ಅಜ್ಜ ಮುತ್ತಜ್ಜಂದಿರು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ಗುಲಬರ್ಗಾ ಒಂದು ಸುಬೆಯ ಕೇಂದ್ರ. ಆಳಂದ, ಅಫಜಲಪುರ ಸೀಮೆ ಪಾಯಿಗಾ ಜಾಗೀರುಗಳಿಗೆ ಸೇರಿದ್ದರೆ, ಇವತ್ತಿನ ಜೇವರ್ಗಿ ತಾಲೂಕು ಆಗ ಅಂದೋಲಾ ತಾಲೂಕು ಎಂದು ಕಾಗದಪತ್ರದಲ್ಲಿತ್ತು. ಊರಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಮೇಲೆ ತಹಶೀಲ್ದಾರ, ತಾಲೂಕದಾರ, ಸುಬೇದಾರ. ಊರ ಲೆಕ್ಕ ಕನ್ನಡದಲ್ಲೋ ಮೋಡಿಯಲ್ಲೋ ಇದ್ದರೂ ಮೇಲಿನ ಕಚೇರಿಗಳಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಕನ್ನಡ ಮಾತ್ರ ಬಲ್ಲವನಿಗೆ ಕಚೇರಿಯ ಬಾಗಿಲು ದೂರವೇ ಇತ್ತು.

1853ರಿಂದ 1883ರವರೆಗೆ ದಿವಾನರಾಗಿದ್ದ ಒಂದನೇ ಸಾಲಾರ್ ಜಂಗ್ ಆಡಳಿತವನ್ನು ಹೊಸದಾಗಿ ಕಟ್ಟಲು ಹೊರಟರು. ಅದಕ್ಕಾಗಿ ಉತ್ತರ ಹಿಂದೂಸ್ತಾನದಿಂದ ಇಂಗ್ಲಿಷ್ ಕಲಿತ, ಬ್ರಿಟಿಷ್ ಪದ್ಧತಿ ಬಲ್ಲ ಅಧಿಕಾರಿಗಳನ್ನು ಕರೆಸಿಕೊಂಡರು. ಬಂದವರು ತಮ್ಮವರನ್ನು ಕರೆದರು. ಒಳ್ಳೆಯ ಹುದ್ದೆಗಳು ಹೊರಗಿನವರ ಪಾಲಾಗುತ್ತಿವೆ ಎಂಬ ಗುಸುಗುಸು ಆಗಲೇ ಶುರುವಾಯಿತು. ನಾಡಿನವನು 'ಮುಲ್ಕಿ', ಹೊರಗಿನವನು 'ಗೈರ್ ಮುಲ್ಕಿ' ಎಂಬ ಎರಡು ಪದ ಹುಟ್ಟಿಕೊಂಡದ್ದು ಈ ಜಗಳದಿಂದ.

1919ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಕಾಲದಲ್ಲಿ ಇದಕ್ಕೆ ನಿಯಮ ಬಂತು. ಮುಲ್ಕಿಯಲ್ಲದವನನ್ನು, ದೊಡ್ಡ ಹುದ್ದೆ ಇರಲಿ ಸಣ್ಣ ಹುದ್ದೆ ಇರಲಿ, ನಿಜಾಮನ ವಿಶೇಷ ಮಂಜೂರಾತಿ ಇಲ್ಲದೆ ನೌಕರಿಗೆ ತೆಗೆದುಕೊಳ್ಳುವಂತಿಲ್ಲ. ಮುಲ್ಕಿ ಯಾರು? ಹುಟ್ಟಿನಿಂದಲೇ ಸಂಸ್ಥಾನದ ಪ್ರಜೆಯಾದವನು. ಇಲ್ಲವೇ ಕನಿಷ್ಠ 15 ವರ್ಷ ಇಲ್ಲಿ ಕಾಯಂ ವಾಸ ಮಾಡಿ, ಹಿಂದಿನ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಸಹಿಯ ಅಫಿಡವಿಟ್ ಪಡೆದವನು. ಇಲ್ಲಿ ಸರ್ಕಾರಿ ಸೇವೆಯಲ್ಲಿದ್ದವರ ಮಕ್ಕಳಿಗೆ, ಮುಲ್ಕಿಯನ್ನು ಮದುವೆಯಾದ ಹೆಂಗಸಿಗೆ ಬೇರೆ ಕಲಮುಗಳಿದ್ದವು.

ಆ ಎರಡನೆಯ ದಾರಿಯನ್ನು ಸ್ವಲ್ಪ ನಿಂತು ನೋಡಿ. 'ಮರಳಿ ಹೋಗುವ ವಿಚಾರ ಬಿಟ್ಟಿದ್ದೇನೆ' ಅನ್ನುವುದು ಮನಸ್ಸಿನೊಳಗಿನ ಮಾತು. ಅದನ್ನು ಅಳೆಯುವ ತಕ್ಕಡಿ ಇಲ್ಲ. 15 ವರ್ಷ ವಾಸವನ್ನು ತೋರಿಸಲು ಇವತ್ತಿನ ಹಾಗೆ ಆಧಾರ್ ಇಲ್ಲ, ರೇಷನ್ ಕಾರ್ಡ್ ಇಲ್ಲ. ಉಳಿದದ್ದು ಸಾಕ್ಷಿ ಹೇಳುವವರ ಮಾತು, ಸಹಿ ಹಾಕುವವರ ಪೆನ್ನು. ನಾಡಿನವರ ಪಾಲನ್ನು ಕಾಯಲು ಬಂದ ನಿಯಮದಲ್ಲೇ ಸುಳ್ಳು ನುಸುಳಲು ಒಂದು ಕಿಂಡಿ ಉಳಿಯಿತು. 1930ರ ದಶಕದಲ್ಲಿ ನಿಜಾಮ್ಸ್ ಸಬ್ಜೆಕ್ಟ್ಸ್ ಲೀಗ್ ಎಂಬ ಸಂಘಟನೆ ಹುಟ್ಟಿ 'ಹೈದರಾಬಾದ್ ಹೈದರಾಬಾದಿಗಳಿಗೆ' ಎಂದು ಕೂಗಿದ್ದು ನಿಯಮ ಇದ್ದೂ ಸಿಟ್ಟು ತಣಿದಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ.

1952: ನಕಲಿ ಕಾಗದಕ್ಕೆ ಗೋಲಿಬಾರ್

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮನ ಆಳ್ವಿಕೆ ಮುಗಿಯಿತು. ಅದೇ 17ನೇ ತಾರೀಖನ್ನು ನಾವು ಇವತ್ತು ಕಲ್ಯಾಣ ಕರ್ನಾಟಕ ಉತ್ಸವ ಎಂದು ಆಚರಿಸುತ್ತೇವೆ. ಮೊದಲು ಜನರಲ್ ಜೆ.ಎನ್. ಚೌಧುರಿ ಅವರ ಮಿಲಿಟರಿ ಆಡಳಿತ, ಆಮೇಲೆ ಎಂ.ಕೆ. ವೆಲ್ಲೋಡಿ ಅವರ ಸರ್ಕಾರ. ಆಡಳಿತ ನಡೆಸಲು ಮದ್ರಾಸ್, ಮುಂಬಯಿ ಮುಂತಾದ ಪ್ರಾಂತ್ಯಗಳಿಂದ ಅಧಿಕಾರಿಗಳು, ಗುಮಾಸ್ತರು, ಮಾಸ್ತರರು ಬಂದರು. ಉರ್ದು ಹೋಗಿ ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ ಬರುವಾಗ, ಉರ್ದುವಿನಲ್ಲಿ ಓದಿದ ಇಲ್ಲಿನ ಹುಡುಗರು ಹಿಂದೆ ಬಿದ್ದರು.

ಮುಲ್ಕಿ ನಿಯಮ ಮಾತ್ರ ಪುಸ್ತಕದಲ್ಲಿ ಹಾಗೇ ಇತ್ತು. ಹಾಗಾದರೆ ಹೊರಗಿನವರು ಒಳಗೆ ಬಂದದ್ದು ಹೇಗೆ? ಕೆಲವರನ್ನು ಸರ್ಕಾರವೇ ಕರೆಸಿಕೊಂಡಿತ್ತು. ಇನ್ನು ಕೆಲವರು ನಕಲಿ ಮುಲ್ಕಿ ಸರ್ಟಿಫಿಕೇಟ್ ಹಿಡಿದು ಬಂದಿದ್ದರು. 1952ರ ಬೇಸಿಗೆ ಕಳೆದು ಶಾಲೆ ಕಾಲೇಜು ತೆರೆಯುವ ಹೊತ್ತಿಗೆ ಈ ಬೋಗಸ್ ಸರ್ಟಿಫಿಕೇಟುಗಳ ದೂರು ವರಂಗಲ್ಲಿನಲ್ಲಿ ಬೀದಿಗೆ ಬಂತು. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. 'ಗೈರ್ ಮುಲ್ಕಿ ಗೋ ಬ್ಯಾಕ್' ಎಂಬ ಕೂಗು ಹೈದರಾಬಾದ್ ಶಹರಕ್ಕೆ ಮುಟ್ಟಿತು. ಆಗ ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣ ರಾವ್. ಹಿಂದಿನ ನೇಮಕಾತಿಗಳನ್ನು ನೋಡಲು ಸಚಿವರ ಉಪಸಮಿತಿಯನ್ನು ಅವರ ಸರ್ಕಾರ ಮಾಡಿತು. ಅಷ್ಟರಲ್ಲಿ ಕೈ ಮೀರಿತ್ತು. ಸೆಪ್ಟೆಂಬರ್ 3 ಮತ್ತು 4ರಂದು ಸಿಟಿ ಕಾಲೇಜು, ಅಫ್ಜಲ್‌ಗಂಜ್ ಸುತ್ತ ಪೊಲೀಸರು ಗೋಲಿಬಾರ್ ಮಾಡಿದರು. ಹಲವರ ಜೀವ ಹೋಯಿತು. ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿ ಅವರಿಂದ ವಿಚಾರಣೆ ಆಯಿತು.

ಈ ಘಟನೆ ತೆಲಂಗಾಣದವರ ಇತಿಹಾಸದಲ್ಲಿ ದೊಡ್ಡ ಅಧ್ಯಾಯ. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಆದರೆ ಆಗ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು, ಅದೇ ಮುಲ್ಕಿ ನಿಯಮ ನಮಗೂ ಇತ್ತು. ಅರ್ಜಿಯಲ್ಲಿ ಬರೆದ ಒಂದು ಸುಳ್ಳು ಸಾಲು ಒಂದು ಹುದ್ದೆ ಕದಿಯುತ್ತದೆ. ಅಂಥ ಸಾವಿರ ಸಾಲು ಸೇರಿದರೆ ಬೀದಿಯಲ್ಲಿ ರಕ್ತ ಹರಿಯುತ್ತದೆ ಎಂದು 1952 ತೋರಿಸಿತು.

ಮರೆತುಹೋದ 54 ವರ್ಷ

1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷ ಕೇಂದ್ರ ಸರ್ಕಾರ ಸಾರ್ವಜನಿಕ ನೌಕರಿಗೆ ವಾಸದ ಷರತ್ತು ಹಾಕುವ ಹಳೆಯ ನಿಯಮಗಳನ್ನೆಲ್ಲ ತೆಗೆದುಹಾಕುವ ಕಾಯ್ದೆ ತಂದಿತು. 1959ರ ಮಾರ್ಚ್‌ನಲ್ಲಿ ಅದು ಜಾರಿಯಾಯಿತು. ದೇಶದ ಯಾವ ಮೂಲೆಯವನೂ ಎಲ್ಲಿಯಾದರೂ ನೌಕರಿ ಕೇಳಬಹುದು ಎಂಬುದು ಅದರ ಹಿಂದಿನ ಒಳ್ಳೆಯ ವಿಚಾರ. ಆದರೆ ನಾಲ್ಕು ಪ್ರದೇಶಗಳಿಗೆ ಕೆಲವು ವರ್ಷದ ವಿನಾಯಿತಿ ಸಿಕ್ಕಿತು: ಆಂಧ್ರದೊಳಗಿನ ತೆಲಂಗಾಣ, ಹಿಮಾಚಲ, ಮಣಿಪುರ, ತ್ರಿಪುರಾ. ಒಂದೇ ನಿಜಾಮನ ಅಡಿ ಬೆಳೆದ ಅಣ್ಣತಮ್ಮಂದಿರಲ್ಲಿ ತೆಲಂಗಾಣಕ್ಕೆ ರಕ್ಷಣೆ ಉಳಿಯಿತು, ಗುಲಬರ್ಗಾಕ್ಕೆ ಹೋಯಿತು.

ಅಲ್ಲಿ ಮುಲ್ಕಿ ಜಗಳ 1969ರಲ್ಲಿ ಮತ್ತೆ ಎದ್ದಿತು, 1972ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು, 1973ರ 32ನೇ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಡಿ) ಆಗಿ ಕೂತಿತು. ನಮಗೆ ಅಂಥದ್ದೇ ಕಲಮು ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಿದರು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಜೇವರ್ಗಿಯಿಂದ ಹಲವು ಸಲ ಗೆದ್ದು ಮುಖ್ಯಮಂತ್ರಿಯೂ ಆದ ಧರ್ಮಸಿಂಗ್, ಕಲಬುರಗಿಯ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಅವರೂ ಇದಕ್ಕಾಗಿ ಪ್ರಯತ್ನಿಸಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು. 2013ರಿಂದ 371(ಜೆ) ನಮ್ಮದಾಯಿತು. 1959ರಲ್ಲಿ ಹೋದ ರಕ್ಷಣೆ ಬೇರೆ ಹೆಸರಿನಲ್ಲಿ ಮರಳಲು 54 ವರ್ಷ ಹಿಡಿಯಿತು.

ಈಗ ನಮ್ಮ ಪ್ರದೇಶದೊಳಗಿನ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ 75, ಸಿ ಗುಂಪಿಗೆ 80, ಡಿ ಗುಂಪಿಗೆ ಶೇ. 85ರಷ್ಟು ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8. ಸ್ಥಳೀಯ ಅನ್ನಿಸಿಕೊಳ್ಳಲು ಇಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲಿನ 10 ವರ್ಷ ಇಲ್ಲಿ ವಾಸವಿದ್ದ ಕುಟುಂಬದವರಾಗಿರಬೇಕು. ಅರ್ಹತಾ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಸಹಿ. ನಿಜಾಮನ 15 ವರ್ಷ ಇಲ್ಲಿ 10 ಆಯಿತು, ಮುಲ್ಕಿ ಹೋಗಿ ಸ್ಥಳೀಯ ವ್ಯಕ್ತಿ ಬಂದ. ಹಳೆಯ ಕಿಂಡಿ ಮಾತ್ರ ಮುಚ್ಚಲಿಲ್ಲ. ಹೊರಗಿನವರು ಸುಳ್ಳು ವಾಸ ತೋರಿಸಿ 371(ಜೆ) ಪತ್ರ ಪಡೆಯುತ್ತಿದ್ದಾರೆ ಎಂಬ ದೂರು ಈಗಲೂ ಕೇಳಿಬರುತ್ತದೆ.

ಎಲ್ಲ ತಪ್ಪು ದಾಖಲೆಯೂ ಸುಳ್ಳಲ್ಲ

ಇಲ್ಲಿ ಒಂದು ವ್ಯತ್ಯಾಸ ಹೇಳದಿದ್ದರೆ ಅನ್ಯಾಯ. ನಿಮ್ಮ ಮನೆಯ ಹಿರಿಯರ ಜನ್ಮ ದಿನಾಂಕ ನೋಡಿ. ಎಷ್ಟು ಜನರದು ಜೂನ್ 1? ಒಂದೇ ಓಣಿಯಲ್ಲಿ ಹತ್ತು ಮಂದಿ ಒಂದೇ ತಾರೀಖಿಗೆ ಹುಟ್ಟಿರಲು ಸಾಧ್ಯವಿಲ್ಲ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಹುಡುಗನನ್ನು ನೋಡಿ, ಅಂದಾಜಿನ ವಯಸ್ಸು ಹಿಡಿದು, ಶಾಲೆ ಶುರುವಾಗುವ ತಿಂಗಳಿಗೆ ಹೊಂದುವಂತೆ ಬರೆದ ತಾರೀಖು ಅದು. ತಾಯಿಗೆ ಗೊತ್ತಿದ್ದದ್ದು 'ಕಾರಹುಣ್ಣಿವಿ ಮುಂದ ಹುಟ್ಟಿದ' ಎಂಬುದಷ್ಟೇ.

ಅದಕ್ಕೂ ಹಿಂದಿನವರದು ಇನ್ನೊಂದು ತೊಡಕು. ನಿಜಾಮನ ಕಾಲದ ಲೆಕ್ಕ ಫಸಲಿ ವರ್ಷದಲ್ಲಿತ್ತು. ಅಕ್ಟೋಬರ್‌ನಲ್ಲಿ ಅಜೂರ್ ತಿಂಗಳಿನಿಂದ ವರ್ಷ ಶುರು. ಇಸವಿಗೆ ತರಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದವರಿಗೆ 590 ಕೂಡಬೇಕು, ಜನವರಿಯ ನಂತರ ಹುಟ್ಟಿದವರಿಗೆ 591. ಹಾಗಾಗಿ ಫಸಲಿ 1358 ಅಂದರೆ 1948ರ ಕೊನೆ ಮತ್ತು 1949. ಕೂಡುವಾಗ ಒಂದು ಅಂಕಿ ತಪ್ಪಿದರೆ ವಯಸ್ಸಿನಲ್ಲಿ ಪೂರ್ತಿ ಒಂದು ವರ್ಷ ಹೆಚ್ಚುಕಡಿಮೆ. ಇದು ಮೋಸವಲ್ಲ. ಬರೆದವರ ಕಾಲದ ರೀತಿ.

ಮೋಸ ಎಲ್ಲಿ ಶುರುವಾಗುತ್ತದೆ ಅಂದರೆ, ನಿವೃತ್ತಿ ಹತ್ತಿರ ಬಂದಾಗ 'ನನ್ನ ನಿಜ ವಯಸ್ಸು ಮೂರು ವರ್ಷ ಕಡಿಮೆ' ಎಂದು ಹೊಸ ಕಾಗದ ತರುವಲ್ಲಿ. ಇಂಥ ಅರ್ಜಿಗಳಿಂದ ಬೇಸತ್ತೇ ಕರ್ನಾಟಕ 1974ರಲ್ಲಿ ಸರ್ಕಾರಿ ನೌಕರರ ವಯಸ್ಸು ನಿರ್ಧರಿಸುವ ಕಾಯ್ದೆ ತಂದಿತು. ವಯಸ್ಸು ತಿದ್ದಬೇಕಾದರೆ ಸೇವಾ ಪುಸ್ತಕದಲ್ಲಿ ದಾಖಲಾದ ಮೂರು ವರ್ಷದೊಳಗೆ ಕೇಳಬೇಕು, ಆಮೇಲೆ ಇಲ್ಲ.

ಜಾತಿ ಪ್ರಮಾಣಪತ್ರದ ವಿಷಯವೂ ಹೀಗೇ ಎರಡು ಬಗೆಯದು. ಊರೂರಿಗೆ ಒಂದೇ ಸಮುದಾಯಕ್ಕೆ ಬೇರೆ ಹೆಸರು, ಬೇರೆ ಸಮುದಾಯಗಳಿಗೆ ಒಂದೇ ಹೆಸರು. 'ತಳವಾರ' ಎಂಬುದು ನಮ್ಮ ಕಡೆ ಊರ ಕಾವಲಿನ ಕೆಲಸದ ಹೆಸರೂ ಹೌದು, ಮನೆತನದ ಹೆಸರೂ ಹೌದು. 2020ರ ಕೇಂದ್ರ ಕಾಯ್ದೆ ಪರಿವಾರ, ತಳವಾರ ಹೆಸರುಗಳನ್ನು ನಾಯಕ ಸಮುದಾಯದ ಪರ್ಯಾಯ ಪದಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ ಮೇಲೆ ಯಾರಿಗೆ ಪತ್ರ ಕೊಡಬೇಕು ಎಂಬ ಜಗಳ ನಮ್ಮ ತಹಶೀಲ್ ಕಚೇರಿಗಳ ಮುಂದೆಯೇ ನಡೆದಿದೆ. ಬೇಡ ಜಂಗಮ ಪತ್ರದ ವಿವಾದ ಅದಕ್ಕೂ ಹಳೆಯದು. ಯಾರು ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಹೆಸರಿನ ಗೊಂದಲ ಬೇರೆ, ಗೊತ್ತಿದ್ದೂ ಮತ್ತೊಬ್ಬರ ಹೆಸರಿನಲ್ಲಿ ಪಾಲು ಕೇಳುವುದು ಬೇರೆ.

ಎರಡನೆಯದರ ಬಗ್ಗೆ ಕೋರ್ಟು ಬಿಗಿಯಾಗುತ್ತ ಬಂದಿದೆ. 1994ರಲ್ಲಿ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ರಾಜ್ಯದಲ್ಲೂ ಪರಿಶೀಲನಾ ಸಮಿತಿ ಇರಬೇಕೆಂದಿತು. ನಮ್ಮಲ್ಲಿ ನೌಕರಿ ಸಿಕ್ಕ ಮೇಲೆ ಜಿಲ್ಲಾ ಸಮಿತಿಯಿಂದ ಸಿಂಧುತ್ವ ಪ್ರಮಾಣಪತ್ರ ಪಡೆಯಬೇಕು. ಸಂಶಯ ಬಂದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ತನಿಖೆ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ಸುಳ್ಳು ಜಾತಿ ಪತ್ರದಿಂದ ಸಿಕ್ಕ ನೌಕರಿಯನ್ನು, ಎಷ್ಟೇ ವರ್ಷ ಸೇವೆ ಮಾಡಿದ್ದರೂ, ಉಳಿಸಿಕೊಳ್ಳುವ ಹಕ್ಕಿಲ್ಲ. ಇಪ್ಪತ್ತು ವರ್ಷ ಪಗಾರ ಎಣಿಸಿ, ಮಕ್ಕಳ ಮದುವೆ ಮಾಡಿ, ಕೊನೆಗೆ ಪಿಂಚಣಿ ಕಳೆದುಕೊಳ್ಳುವ ಸ್ಥಿತಿ ಅದು.

ಊರಿನ ಬಯೋಡೇಟಾ, ಶಹರದ ರೆಸ್ಯೂಮೆ

ನಮ್ಮ ಹುಡುಗರು ಈಗ ಬೆಂಗಳೂರು, ಪುಣೆ, ಹೈದರಾಬಾದ್ ಕಂಪನಿಗಳಿಗೂ ಅರ್ಜಿ ಹಾಕುತ್ತಾರೆ. ಅಲ್ಲಿಯೂ ಸುಳ್ಳಿನ ವ್ಯಾಪಾರ ಇದೆ. ದುಡ್ಡು ಕೊಟ್ಟರೆ ಇಲ್ಲದ ಕಂಪನಿಯ ಅನುಭವ ಪತ್ರ, ಪಗಾರ ಚೀಟಿ ತಯಾರು. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಕಂಪನಿ ಭಾರತದಲ್ಲಿ ಬೋಗಸ್ ಕಂಪನಿಗಳ ಅನುಭವ ಪತ್ರ ತಂದು ಸೇರಿದ್ದವರನ್ನು ಹೊರಗೆ ಹಾಕಿದ್ದಾಗಿ ತಾನೇ ಹೇಳಿತು.

ಬಡವರು ಮಾತ್ರ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಯಾಹೂ ಕಂಪನಿಯ ಮುಖ್ಯಸ್ಥ ಸ್ಕಾಟ್ ಥಾಂಪ್ಸನ್ ಹುದ್ದೆಗೆ ಬಂದ ಕೆಲವೇ ತಿಂಗಳಲ್ಲಿ ಕೆಳಗಿಳಿದರು. ಅವರಿಗೆ ಲೆಕ್ಕಶಾಸ್ತ್ರದ ಪದವಿ ನಿಜವಾಗಿ ಇತ್ತು. ಅದರ ಪಕ್ಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂದೂ ಸೇರಿಕೊಂಡಿತ್ತು, ಅದು ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯನನ್ನು ಒಂದೇ ಪದ ಕೆಡವಿತು.

2021: ಈ ಸಲ ಹೊರಗಿನವರು ಯಾರೂ ಇರಲಿಲ್ಲ

ಈಗ ನಮ್ಮ ಮನೆಯ ಕಥೆಗೆ ಬರೋಣ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಲಿಖಿತ ಪರೀಕ್ಷೆ ನಡೆಯಿತು. ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದ ಮೇಲೆ ಸಂಶಯ ಎದ್ದಿತು. ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದ ಅಭ್ಯರ್ಥಿ 21 ಪ್ರಶ್ನೆಗೆ ಮಾತ್ರ ಉತ್ತರ ಗುರುತಿಸಿದ್ದ, ಆದರೆ ಒಎಂಆರ್ ಹಾಳೆಯಲ್ಲಿ 100ಕ್ಕೂ ಉತ್ತರ ತುಂಬಿತ್ತು ಎಂಬುದು ಹೊರಬಿತ್ತು. 2022ರ ಏಪ್ರಿಲ್ 9ರಂದು ಕಲಬುರಗಿಯ ಚೌಕ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಖಾಲಿ ಬಿಟ್ಟ ಹಾಳೆಗಳನ್ನು ಪರೀಕ್ಷೆ ಮುಗಿದ ಮೇಲೆ ಮೇಲ್ವಿಚಾರಕರೇ ತುಂಬಿದರು ಎಂಬುದು ಸಿಐಡಿಯ ಆರೋಪ. ಅಭ್ಯರ್ಥಿಗಳು, ಶಾಲೆ ನಡೆಸುವವರು, ಪೊಲೀಸರು ಬಂಧಿತರಾದರು. ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧಿತರಾದರು. ಪ್ರಮುಖ ಆರೋಪಿಗಳೆಂದು ಹೆಸರು ಬಂದವರಲ್ಲಿ ಅಫಜಲಪುರ ತಾಲೂಕಿನವರೂ ಇದ್ದರು. ಆರೋಪ ಸಾಬೀತಾಗುವುದು ಕೋರ್ಟಿನಲ್ಲಿ, ಟಿವಿಯಲ್ಲಿ ಅಲ್ಲ. ಆದರೆ ಪರೀಕ್ಷೆ ಕೆಟ್ಟದ್ದಂತೂ ನಿಜ.

ಏಪ್ರಿಲ್ 29ರಂದು ಸರ್ಕಾರ ಇಡೀ ಪರೀಕ್ಷೆ ರದ್ದು ಮಾಡಿತು. ಇಲ್ಲಿಯೇ ನೋವಿನ ಮಾತು ಇರುವುದು. ಆ 545 ಮಂದಿಯಲ್ಲಿ ಓದಿಯೇ ಪಾಸಾದವರೂ ಇದ್ದರು. ಕಾನ್‌ಸ್ಟೆಬಲ್ ನೌಕರಿ ಮಾಡುತ್ತ ರಾತ್ರಿ ಓದಿದವರು, ಇದ್ದ ಕೆಲಸ ಬಿಟ್ಟು ಓದಿದವರು. ಅವರು ಬೀದಿಗೆ ಬಂದು ಕೇಳಿದ್ದು ಒಂದೇ: 'ಕಳ್ಳರನ್ನು ಹಿಡಿಯಿರಿ, ನಮ್ಮನ್ನು ಯಾಕೆ ಕಳೆಯುತ್ತೀರಿ?' ಕಾಳು ಯಾವುದು ಜೊಳ್ಳು ಯಾವುದು ಎಂದು ಬೇರೆ ಮಾಡಲಾಗದಷ್ಟು ಕೆಟ್ಟಿದೆ ಎಂಬುದು ಸರ್ಕಾರದ ವಾದ. 2023ರ ನವೆಂಬರ್ 10ರಂದು ಹೈಕೋರ್ಟ್ ರದ್ದತಿಯನ್ನು ಎತ್ತಿಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಹೇಳಿತು. 2024ರ ಜನವರಿ 23ರಂದು ಕೆಇಎ ಮರುಪರೀಕ್ಷೆ ನಡೆಸಿತು. ನಡುವೆ ಹೋದದ್ದು ಎರಡು ವರ್ಷ ಮೂರು ತಿಂಗಳು. ವಯಸ್ಸಿನ ಮಿತಿ ಇರುವ ನೌಕರಿಗೆ ಓದುವ ಹುಡುಗ ಹುಡುಗಿಯರಿಗೆ ಎರಡು ವರ್ಷ ಎಂದರೆ ಏನು ಅನ್ನುವುದು ಅವರ ಮನೆಯವರಿಗೆ ಗೊತ್ತು.

ಮರುಪರೀಕ್ಷೆ ನಡೆಯುವ ಮೊದಲೇ ಇನ್ನೊಂದು ಪೆಟ್ಟು ಬಿತ್ತು. 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಹುದ್ದೆಗೆ ಕೆಇಎ ನಡೆಸಿದ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ಇಟ್ಟುಕೊಂಡವರು ಸಿಕ್ಕಿಬಿದ್ದರು. 2024ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಜಲಸಂಪನ್ಮೂಲ ಇಲಾಖೆಯ ಬ್ಯಾಕ್‌ಲಾಗ್ ಎಸ್‌ಡಿಎ ಹುದ್ದೆಗೆ ನಕಲಿ ಪಿಯುಸಿ ಅಂಕಪಟ್ಟಿ ಕೊಟ್ಟ ಪ್ರಕರಣ ಬಯಲು ಮಾಡಿದರು. ಆ ನೇಮಕಕ್ಕೆ ಪರೀಕ್ಷೆ ಇರಲಿಲ್ಲ, ಅಂಕವೇ ಆಧಾರ. ಬಂಧಿತರು 48 ಜನ. ಅದರಲ್ಲೂ ಕಲಬುರಗಿ ಜಿಲ್ಲೆಯವರಿದ್ದರು. ಬ್ಯಾಕ್‌ಲಾಗ್ ಎಂದರೆ ಮೀಸಲು ವರ್ಗಕ್ಕೆ ಸೇರಬೇಕಾಗಿದ್ದು ವರ್ಷಗಟ್ಟಲೆ ತುಂಬದೆ ಉಳಿದ ಹುದ್ದೆ. ಅದಕ್ಕೂ ಕನ್ನ.

1952ರಲ್ಲಿ 'ಹೊರಗಿನವರು ಸುಳ್ಳು ಕಾಗದ ತಂದು ನಮ್ಮ ಪಾಲು ಕಸಿದರು' ಎಂಬ ಕೂಗಿತ್ತು, ಆ ಕೂಗಿನಲ್ಲಿ ಸತ್ಯವೂ ಇತ್ತು. ಈ ಸಲ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕಸಿದುಕೊಂಡವರೂ ಇಲ್ಲಿಯವರೇ, ಕಳೆದುಕೊಂಡವರೂ ಇಲ್ಲಿಯವರೇ. ಮೇಲಾಗಿ ಇನ್ನೊಂದು ನಷ್ಟ ಆಗಿದೆ. 'ಕಲಬುರಗಿ ಸೆಂಟರಾ?' ಎಂದು ಕೇಳುವವರ ದನಿಯಲ್ಲಿ ಒಂದು ಅನುಮಾನ ಸೇರಿಕೊಂಡಿದೆ. ಪ್ರಾಮಾಣಿಕವಾಗಿ ಓದಿದ ಹುಡುಗಿಯೂ ಆ ಅನುಮಾನದ ಭಾರ ಹೊರಬೇಕು.

ಯಾಕೆ ನಮ್ಮಲ್ಲೇ?

ನಮ್ಮ ಜನ ಕೆಟ್ಟವರು ಎಂಬ ಸುಲಭದ ಉತ್ತರ ಸುಳ್ಳು. ತೊಗರಿ ಬೆಲೆ ಒಂದು ವರ್ಷ ಏರಿ ಮೂರು ವರ್ಷ ಬೀಳುತ್ತದೆ. ಭೀಮಾ ಒಮ್ಮೆ ಉಕ್ಕಿ ಬೆಳೆ ಒಯ್ಯುತ್ತದೆ, ಒಮ್ಮೆ ಬತ್ತಿ ಮಲಗುತ್ತದೆ. ದೊಡ್ಡ ಕಾರ್ಖಾನೆಗಳು ಕಡಿಮೆ. ಬೇರೆ ಕಡೆ ನೌಕರಿ ಹತ್ತು ದಾರಿಗಳಲ್ಲಿ ಒಂದಾದರೆ ನಮ್ಮ ಮೂರು ತಾಲೂಕಿನಲ್ಲಿ ಸರ್ಕಾರಿ ನೌಕರಿಯೇ ತಿಂಗಳು ತಿಂಗಳು ನೀರು ಕೊಡುವ ಒಂದೇ ಬಾವಿ. ಹೊಲ ಮಾರಿ ದುಡ್ಡು ತಂದುಕೊಡುವ ಅಪ್ಪ ಇರುವುದು ಇದಕ್ಕೇ. ದಲ್ಲಾಳಿ ಬದುಕುವುದು ಆ ಅಪ್ಪನ ಭಯದ ಮೇಲೆ. ಸಿಕ್ಕಿಬಿದ್ದಾಗ ಹೊಲವೂ ಹೋಗುತ್ತದೆ, ಮಗನೂ ಜೈಲಿಗೆ ಹೋಗುತ್ತಾನೆ.

ಇನ್ನೊಂದು ಕಾರಣವನ್ನು ಈ ಇತಿಹಾಸವೇ ಹೇಳುತ್ತದೆ. ಮುಲ್ಕಿ ನಿಯಮ, ಜಾತಿ ಮೀಸಲಾತಿ, 371(ಜೆ), ಎಲ್ಲವೂ ಹಿಂದೆ ಬಿದ್ದವರನ್ನು ಕೈಹಿಡಿದು ಎತ್ತಲು ಬಂದವು. ಪ್ರತಿ ಸಲವೂ ಕಾಗದ ಕೊಡುವ ವ್ಯವಸ್ಥೆ ಚುರುಕಾಯಿತು, ಕಾಗದ ಪರೀಕ್ಷಿಸುವ ವ್ಯವಸ್ಥೆ ಹಿಂದೆ ಉಳಿಯಿತು. ಸುಳ್ಳು ಬಂತೆಂದು ಈ ನಿಯಮಗಳನ್ನೇ ತೆಗೆಯಿರಿ ಎನ್ನುವವರಿದ್ದಾರೆ. ಹೊಲದಲ್ಲಿ ಕಳೆ ಬಂತೆಂದು ಬಿತ್ತುವುದನ್ನೇ ಬಿಡುವ ರೈತ ಇಲ್ಲ. 1959ರಿಂದ 54 ವರ್ಷ ರಕ್ಷಣೆ ಇಲ್ಲದೆ ಬದುಕಿ ನೋಡಿದ್ದೇವೆ. ಬೇಕಾಗಿರುವುದು ಆಗಾಗ ಕಳೆ ಕೀಳುವ ಕೈ.

ಈಗ ಕಾನೂನು ಬಿಗಿಯಾಗಿದೆ. 2023ರ ಕರ್ನಾಟಕದ ಪರೀಕ್ಷಾ ಅಕ್ರಮ ತಡೆ ಕಾಯ್ದೆಯಲ್ಲಿ ಹಲವು ವರ್ಷಗಳ ಜೈಲು, 10 ಕೋಟಿ ರೂಪಾಯಿವರೆಗೆ ದಂಡ ಇದೆ. ಮೋಸಕ್ಕಾಗಿ ದಾಖಲೆ ನಕಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 7 ವರ್ಷದವರೆಗೆ. ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುವ ಕಾಲದಲ್ಲಿ ಬಣ್ಣದ ಝೆರಾಕ್ಸ್ ಬಹಳ ದಿನ ಬಾಳುವುದಿಲ್ಲ.

ಅರ್ಜಿ ತುಂಬುವವರಿಗೆ ನಾಲ್ಕು ಮಾತು

ಮೊದಲನೆಯದು, ಜನ್ಮ ದಿನಾಂಕ ಅಥವಾ ಹೆಸರಿನ ಅಕ್ಷರ ತಪ್ಪಿದ್ದರೆ ನೌಕರಿಗೆ ಅರ್ಜಿ ಹಾಕುವ ಮೊದಲೇ ಕಾನೂನಿನ ದಾರಿಯಲ್ಲಿ ಸರಿಪಡಿಸಿಕೊಳ್ಳಿ. ನಾಳೆ ನೋಡೋಣ ಎಂದರೆ ಸೇವೆಯಲ್ಲಿ ಮೂರು ವರ್ಷದ ಬಾಗಿಲು ಮುಚ್ಚುತ್ತದೆ.

ಎರಡನೆಯದು, ಹಿಂದೆ ಊರ ಜಗಳದಲ್ಲೋ ಹೋರಾಟದಲ್ಲೋ ನಿಮ್ಮ ಮೇಲೆ ಕೇಸು ಆಗಿದ್ದರೆ ದೃಢೀಕರಣ ಫಾರ್ಮಿನಲ್ಲಿ ಮುಚ್ಚಿಡಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಣ್ಣ ಸ್ವರೂಪದ ಪ್ರಕರಣವನ್ನು ನೌಕರಿ ಕೊಡುವವರು ಮನ್ನಿಸಬಹುದು ಎಂದಿದೆ. ನಿಜ ಹೇಳಿದವನ ವಿಷಯವನ್ನು ಕೂತು ವಿಚಾರ ಮಾಡುತ್ತಾರೆ. ಮುಚ್ಚಿಟ್ಟವನಿಗೆ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಮೂರನೆಯದು, ಬಯೋಡೇಟಾದಲ್ಲಿ ಇಲ್ಲದ ಅನುಭವ ಬರೆಯುವ ಬದಲು ಇರುವುದನ್ನು ಬರೆಯಲು ಕಲಿಯಿರಿ. ಸ್ವಸಹಾಯ ಸಂಘದ ಲೆಕ್ಕ ಬರೆದಿದ್ದೀರಾ? ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಮಾಡಿದ್ದೀರಾ? ಜಾತ್ರೆಯಲ್ಲಿ ಸ್ವಯಂಸೇವಕರ ತಂಡ ನಡೆಸಿದ್ದೀರಾ? ಕನ್ನಡ, ಮರಾಠಿ, ಹಿಂದಿ, ಉರ್ದು ನಾಲ್ಕೂ ಮಾತಾಡುತ್ತೀರಾ? ಆಳಂದ ಗಡಿಯ ಹುಡುಗನಿಗೆ ಸಹಜವಾಗಿ ಬಂದ ನಾಲ್ಕು ಭಾಷೆಯನ್ನು ಶಹರದವರು ದುಡ್ಡು ಕೊಟ್ಟು ಕಲಿಯುತ್ತಾರೆ. ನಾವು ಅದನ್ನು ಬರೆಯುವುದೇ ಇಲ್ಲ, ಇಲ್ಲದ ಟ್ಯಾಲಿ ಕೋರ್ಸು ಬರೆಯುತ್ತೇವೆ.

ನಾಲ್ಕನೆಯದು, 'ಸೀಟು ಮಾಡಿಸಿಕೊಡ್ತೀನಿ' ಎಂದು ಮನೆಗೆ ಬಂದವನಿಗೆ ಚಹಾ ಕೊಟ್ಟು ಕಳಿಸಿ, ಹೊಲದ ಪಹಣಿ ಕೊಡಬೇಡಿ.

ಸುಳ್ಳು ಕಾಗದದಿಂದ ಒಬ್ಬ ಒಳಗೆ ಹೋದಾಗ ಹೊರಗೆ ಉಳಿದವನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ತನ್ನ ನೌಕರಿಯನ್ನು ಯಾರೋ ಕದ್ದರು ಎಂಬುದು ಅವನಿಗೇ ಗೊತ್ತಾಗುವುದಿಲ್ಲ. 'ನನಗ ಹಣೆಬರಹ ಇಲ್ಲ' ಎಂದುಕೊಂಡು ಪುಣೆಯ ಬಸ್ಸು ಹತ್ತುತ್ತಾನೆ. ಅವನು ಜೇವರ್ಗಿಯವನಿರಬಹುದು, ಅಫಜಲಪುರದವನಿರಬಹುದು, ನಿಮ್ಮ ಓಣಿಯವನೇ ಇರಬಹುದು.